ಹಿಡಿಯದೆ, ಮುಟ್ಟದೆ ಮಂಗನ ಡಿಎನ್‌ಎ: ಮಾಕುಟ್ಟದಿಂದ ಸಿದ್ದಾಪುರದವರೆಗೆ

ಮೊದಲ ದಿನ: ವಿರಾಜಪೇಟೆ

ಮಂಗಗಳ ಹಿಕ್ಕೆ, ಎಂಜಲು ಆಯ್ದು ಅವುಗಳ ಡಿಎನ್‌ಎ ಓದುವ ಕೆಲಸಕ್ಕೆ ಕೊಡಗಿಗೆ ಹೊರಡುವುದಾದರೆ ಜನವರಿಯೇ ಸರಿ. ಮಳೆ ನಿಂತಿರುತ್ತದೆ, ಹೂಮಳೆಗೆ ಇನ್ನೂ ದಿನವಿರುತ್ತದೆ. ರೊಬಸ್ಟಾ ಕೊಯ್ಲಿನ ಕಾಲವಾದ್ದರಿಂದ ಕೋತಿಗಳು ಯಾವ ಬ್ಲಾಕಿನಲ್ಲಿವೆ ಎಂದು ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ ಸಾಕು, ಹುಡುಕಾಟ ಅರ್ಧ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕಾಡಿನಲ್ಲಿ ಹಿಕ್ಕೆ ಸಿಕ್ಕರೂ ಪ್ರಯೋಜನ ಕಡಿಮೆ. ಹಿಕ್ಕೆಯಲ್ಲಿರುವ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾದ್ದು, ಮಂಗ ತಿಂದ ಎಲೆ, ಹಣ್ಣುಗಳದ್ದು. ಮಂಗನದೇ ಎನ್ನುವುದು ಕರುಳಿನ ಒಳಗೋಡೆಯಿಂದ ಉದುರಿ ಹಿಕ್ಕೆಯ ಮೇಲ್ಮೈಗೆ ಅಂಟಿಕೊಂಡು ಬಂದ ಕೋಶಗಳು ಮಾತ್ರ. ಒಂದು ಜೋರು ಮಳೆಗೆ ಅದೇ ಮೊದಲು ತೊಳೆದುಹೋಗುತ್ತದೆ.

ಕೊಡಗಿನಲ್ಲಿ ಸಿಂಗಳೀಕವಿದೆ, ಸಾಮಾನ್ಯ ಕೋತಿಯಿದೆ, ಬೂದು ಮುಸುವವಿದೆ, ದಕ್ಷಿಣದ ಬ್ರಹ್ಮಗಿರಿ ಕಡೆ ನೀಲಗಿರಿಯ ಕರಿ ಮುಸುವವೂ ಇದೆ. ರಾತ್ರಿ ಓಡಾಡುವ ಕಾಡುಪಾಪವನ್ನು ಸೇರಿಸಿದರೆ ಐದು. ಕಾಡುಪಾಪದ ಹಿಕ್ಕೆ ತೀರ ಚಿಕ್ಕದು, ರಾತ್ರಿ ಪೊದೆಯ ಕೆಳಗೆ ಅದನ್ನು ಹುಡುಕುವುದು ಬೇರೆಯೇ ಕೆಲಸ. ಅದನ್ನು ಇಲ್ಲಿಗೇ ಬಿಡೋಣ.

ವಾಹನ ಹೊರಡುವುದಕ್ಕೆ ತಿಂಗಳುಗಳ ಮೊದಲೇ ಅನುಮತಿ ಕೈಯಲ್ಲಿರಬೇಕು. ಹಿಕ್ಕೆ ತಾನೇ ಎಂದು ಅಭಯಾರಣ್ಯದೊಳಗೆ ಹೋಗಿ ಎತ್ತಿಕೊಂಡು ಬರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದರ ಪ್ರತಿ ವಿಭಾಗದ ಕಚೇರಿಗೂ ವಲಯ ಕಚೇರಿಗೂ ತಲುಪಿರಬೇಕು. ಅರ್ಜಿಯಲ್ಲಿ ಯಾವ ಪ್ರಾಣಿ, ಎಷ್ಟು ಮಾದರಿ, ಯಾವ ಪ್ರಯೋಗಾಲಯ ಎಂದು ಬರೆಯುವಾಗ ಎಂಜಲು, ಕೂದಲು, ಮೂತ್ರ ಎಲ್ಲವನ್ನೂ ಹೆಸರಿಸುವುದು ಜಾಣತನ. ಬರೀ ‘ಹಿಕ್ಕೆ’ ಎಂದು ಬರೆದವರು ಕಾಡಿನಲ್ಲಿ ಸಿಕ್ಕ ಕೂದಲನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ.

ವಿರಾಜಪೇಟೆಯ ಲಾಡ್ಜಿನಲ್ಲಿ ಮೊದಲ ಸಂಜೆಯ ಕೆಲಸ ಟ್ಯೂಬ್ ತುಂಬುವುದು. 50 ಮಿಲಿಲೀಟರ್‌ನ ಸ್ಕ್ರೂ ಮುಚ್ಚಳದ ಟ್ಯೂಬಿಗೆ 30 ಮಿಲಿಲೀಟರ್ ಶುದ್ಧ ಎಥೆನಾಲ್. ಮೆಥನಾಲ್ ಬೆರೆಸಿದ ಅಗ್ಗದ ಸ್ಪಿರಿಟ್ ಬೇಡ, ಸ್ಯಾನಿಟೈಸರಂತೂ ಬೇಡವೇ ಬೇಡ. ಒಂದು ಟ್ಯೂಬಿಗೆ 5 ಗ್ರಾಂ ಹಿಕ್ಕೆ ಸಾಕು. ದೊಡ್ಡ ನೆಲ್ಲಿಕಾಯಿಯಷ್ಟೂ ಬೇಕಾಗಿಲ್ಲ. ಜಾಸ್ತಿ ಹಾಕಿದರೆ ಡಿಎನ್‌ಎಯೂ ಜಾಸ್ತಿ ಸಿಗುತ್ತದೆ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು ಎಂದಿಟ್ಟುಕೊಂಡರೆ 5 ಗ್ರಾಂನಿಂದ ಸುಮಾರು 3.75 ಮಿಲಿಲೀಟರ್ ನೀರು ಬಿಡುತ್ತದೆ, ಎಥೆನಾಲ್ ಶೇ 89ಕ್ಕೆ ಇಳಿಯುತ್ತದೆ. ಅದೇ ಟ್ಯೂಬಿಗೆ 15 ಗ್ರಾಂ ತುರುಕಿದರೆ ಅದು ಶೇ 73. ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳಿಗೆ ಕೆಲಸ ಮಾಡಲು ನೀರು ಬೇಕು. ಎಥೆನಾಲ್ ಹಾಕುವುದೇ ಆ ನೀರನ್ನು ಎಳೆದು ತೆಗೆಯಲು. ಟ್ಯೂಬು ತುಂಬಿದಷ್ಟೂ ಮಾದರಿ ಕೆಡುತ್ತದೆ.

ಅಷ್ಟೇ ಸಂಖ್ಯೆಯ ಎರಡನೇ ಟ್ಯೂಬುಗಳಿಗೆ ಸಿಲಿಕಾ ಜೆಲ್ ಮಣಿ. ಒಂದು ಗ್ರಾಂ ಹಿಕ್ಕೆಗೆ ನಾಲ್ಕು ಗ್ರಾಂ ಸಿಲಿಕಾ ಎಂಬ ಲೆಕ್ಕದಲ್ಲಿ 20 ಗ್ರಾಂ, ಮೇಲೆ ಮಡಿಸಿದ ಫಿಲ್ಟರ್ ಕಾಗದ. ನೀಲಿ ಬಣ್ಣದ ಮಣಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದನ್ನೇ ತರಿಸಿ. ಲೇಬಲ್ ಬರೆಯಲು ಪೆನ್ಸಿಲ್. ಮಾರ್ಕರ್ ಪೆನ್ನಿನಲ್ಲಿ ಬರೆದ ಅಕ್ಷರ ಎಥೆನಾಲ್‌ನ ಒಂದು ಹನಿ ತಾಗಿದರೂ ಅಳಿಸಿಹೋಗುತ್ತದೆ. ಆದ್ದರಿಂದ ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದು ಟ್ಯೂಬಿನ ಒಳಗೇ ಇರಬೇಕು, ಹೊರಗಿನ ಅಂಟುಚೀಟಿ ಇದ್ದರೂ ಸರಿಯೇ.

ಎರಡನೇ ದಿನ: ಮಾಕುಟ್ಟ

ಪೆರುಂಬಾಡಿ ದಾಟಿ ಘಾಟಿ ಇಳಿಯಲು ಶುರುಮಾಡಿದರೆ ಕಾಫಿ ತೋಟ ಮುಗಿದು ನಿತ್ಯಹರಿದ್ವರ್ಣದ ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗುತ್ತದೆ. ಕೂಟುಪುಳದ ಕಡೆಗೆ ಹೋಗುವ ಲಾರಿಗಳ ಸದ್ದು ಬಿಟ್ಟರೆ ಬೆಳಗಿನ ಹೊತ್ತು ಬೇರೇನೂ ಕೇಳಿಸುವುದಿಲ್ಲ. ಸಿಂಗಳೀಕ ಇಲ್ಲಿ ಸಿಗುತ್ತದೆ. ಆದರೆ ಅದು ನೆಲಕ್ಕೆ ಇಳಿಯುವುದು ಅಪರೂಪ, ಬದುಕೆಲ್ಲ ಮರದ ನೆತ್ತಿಯಲ್ಲೇ. ಹಿಕ್ಕೆ ಅಷ್ಟು ಮೇಲಿಂದ ಬೀಳುವಾಗ ಎಲೆಗೆ, ಕೊಂಬೆಗೆ ಬಡಿದು ಚೂರಾಗುತ್ತದೆ. ಅರ್ಧ ಎಲ್ಲೋ ಬಳ್ಳಿಯ ಮೇಲೆ ಉಳಿದು, ಉಳಿದರ್ಧ ದರಗಿನ ನಡುವೆ ಬೀಳುತ್ತದೆ.

ಜೊತೆಗೆ ಬಂದ ವಾಚರ್ ಕೊಟ್ಟ ಸಲಹೆ ಯಾವ ಕೈಪಿಡಿಯಲ್ಲೂ ಇಲ್ಲ: “ಮರ ನೋಡ್ತಾ ನಡೀಬೇಡಿ ಸಾರ್, ಮರ ನಾನು ನೋಡ್ಕೊಳ್ತೀನಿ. ನೀವು ಬಿದ್ದ ಸದ್ದು ಕೇಳಿ.” ಗುಂಪಿನ ಅಡಿಗೆ ನುಗ್ಗಿದರೆ ಅವು ಸರಸರ ಮುಂದಕ್ಕೆ ಹೋಗಿಬಿಡುತ್ತವೆ. ದೂರ ನಿಂತು, ಗುಂಪು ತಿಂದು ಮುಂದೆ ಸಾಗಿದ ಮೇಲೆ ಅದರ ದಾರಿಯಲ್ಲೇ ನಡೆಯಬೇಕು. ತೀರ ತಡಮಾಡುವಂತೆಯೂ ಇಲ್ಲ. ಸಗಣಿ ಹುಳುಗಳು ಬೇಗನೆ ಬಂದು ಉರುಳಿಸಿಕೊಂಡು ಹೋಗುತ್ತವೆ. ಬೆಳಗಿನ ಜಾವ ಮಲಗುವ ಮರದ ಕೆಳಗೆ ಸಾಕಷ್ಟು ಹಿಕ್ಕೆ ಒಂದೇ ಕಡೆ ಸಿಗುವುದು ನಿಜ. ಅಲ್ಲಿನ ಅಪಾಯ ಬೇರೆ: ಒಂದರ ಮೇಲೊಂದು ಬಿದ್ದು ಎರಡು ಪ್ರಾಣಿಗಳ ಮಾದರಿ ಬೆರೆತಿರುತ್ತದೆ. ಅಂಥದ್ದು ಪ್ರಯೋಗಾಲಯದಲ್ಲಿ ಒಂದೇ ಮಾರ್ಕರ್‌ಗೆ (ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ, ಗುರುತಿಗೆ ಓದುವ ಡಿಎನ್‌ಎ ಜಾಗಕ್ಕೆ) ಮೂರು ನಾಲ್ಕು ಆವೃತ್ತಿ ತೋರಿಸಿ ತಲೆ ತಿನ್ನುತ್ತದೆ. ಒಂಟಿಯಾಗಿ ಬಿದ್ದದ್ದನ್ನೇ ಆರಿಸಿ.

ಎತ್ತುವ ಕ್ರಮ ಹೀಗೆ. ಮೊದಲು ಮಾಸ್ಕ್, ಆಮೇಲೆ ಹೊಸ ಕೈಗವಸು. ಹಿಕ್ಕೆಯ ಮೇಲೆ ಬಾಗುವ ಮೊದಲೇ ಮಾಸ್ಕ್ ಇರಬೇಕು, ಕಾರಣ ಮುಂದೆ ಬರುತ್ತದೆ. ಎರಡು ಒಣ ಕಡ್ಡಿಯಿಂದಲೋ ಬಿಸಾಡುವ ಮರದ ಚಮಚದಿಂದಲೋ ಹೊಳೆಯುವ ಹೊರಮೈಯನ್ನು, ಸಾಧ್ಯವಾದರೆ ಲೋಳೆ ಅಂಟಿದ ಭಾಗವನ್ನು ತೆಗೆಯಬೇಕು. ನೆಲಕ್ಕೆ ತಾಗಿದ ಅಡಿಭಾಗ ಬೇಡ. ಮಣ್ಣಿನ ಹ್ಯೂಮಿಕ್ ಆಮ್ಲ ಮುಂದೆ ಪಿಸಿಆರ್ ಅನ್ನು, ಅಂದರೆ ಡಿಎನ್‌ಎ ತುಣುಕನ್ನು ಸುತ್ತು ಸುತ್ತಾಗಿ ನಕಲು ಮಾಡಿ ವರ್ಧಿಸುವ ಕ್ರಿಯೆಯನ್ನು, ಕೆಡಿಸುತ್ತದೆ. ಒಳಗಿನ ನಾರು, ಬೀಜವೂ ಬೇಡ. ಟ್ಯೂಬಿಗೆ ಹಾಕಿ, ಗಟ್ಟಿ ಉಂಡೆಯಾಗಿದ್ದರೆ ಕಡ್ಡಿಯಿಂದಲೇ ಒಡೆದು, ಮುಚ್ಚಳ ಬಿಗಿದು ಒಂದು ನಿಮಿಷ ಅಲುಗಾಡಿಸಬೇಕು. ಉಂಡೆ ಹಾಗೇ ಉಳಿದರೆ ಎಥೆನಾಲ್ ಒಳಗೆ ಇಳಿಯುವುದೇ ಇಲ್ಲ. ಕೈಗವಸು, ಕಡ್ಡಿ ಚೀಲಕ್ಕೆ; ಮುಂದಿನ ಮಾದರಿಗೆ ಎಲ್ಲ ಹೊಸದು.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ಗಂಟೆ, ಜಾಗ, ಬಿದ್ದು ಎಷ್ಟು ಹೊತ್ತಾಗಿರಬಹುದು, ಬಿಸಿಲೋ ನೆರಳೋ, ಹಾಕಿದ ಪ್ರಾಣಿ ಕಣ್ಣಿಗೆ ಬಿತ್ತೇ, ಬಿದ್ದಿದ್ದರೆ ಗಂಡೋ ಹೆಣ್ಣೋ ಮರಿಯೋ. ಈ ಕೊನೆಯ ಅಂಶವನ್ನು ಎಷ್ಟೋ ತಂಡಗಳು ಬಿಡುತ್ತವೆ. ಕಣ್ಣಾರೆ ಗಂಡು ಎಂದು ಕಂಡದ್ದರ ಹಿಕ್ಕೆ ಪ್ರಯೋಗಾಲಯದಲ್ಲಿ ಹೆಣ್ಣೆಂದು ಬಂದರೆ ಎಲ್ಲೋ ಲೇಬಲ್ ಅದಲುಬದಲಾಗಿದೆ ಎಂದು ಅಲ್ಲೇ ಸಿಕ್ಕಿಬೀಳುತ್ತದೆ. ಅಂಥ ಕೆಲವು ಮಾದರಿ ಇಡೀ ಸಂಗ್ರಹಕ್ಕೆ ಕಾವಲು. ದಟ್ಟ ಕಾಡಿನಲ್ಲಿ ಜಿಪಿಎಸ್ ಹತ್ತಾರು ಮೀಟರ್ ತಪ್ಪುವುದುಂಟು, ಅದಕ್ಕೆ ತೊರೆ, ಮೋರಿ, ಮೈಲಿಗಲ್ಲು ಕೂಡ ಬರೆದಿಡಿ.

ಎಷ್ಟು ಎತ್ತಬೇಕು? ಗುಂಪಿನಲ್ಲಿ ಇಪ್ಪತ್ತು ಪ್ರಾಣಿ ಎಂದು ಅಂದಾಜಿದ್ದರೆ ಇಪ್ಪತ್ತು ಮಾದರಿ ಸಾಲದು. ಒಂದೇ ಪ್ರಾಣಿಯದು ಮತ್ತೆ ಮತ್ತೆ ಸಿಗುತ್ತದೆ, ಕೆಲವು ಮಾದರಿ ಕೆಲಸವನ್ನೇ ಮಾಡುವುದಿಲ್ಲ. ಅಂದಾಜಿನ ಎರಡೂವರೆಯಿಂದ ಮೂರು ಪಟ್ಟು ಇಟ್ಟುಕೊಳ್ಳುವುದು ರೂಢಿ. ಮಾಕುಟ್ಟದಲ್ಲಿ ಒಂದು ದಿನಕ್ಕೆ ಅದು ಆಗದ ಮಾತು.

ಇಷ್ಟು ಕಷ್ಟಪಟ್ಟು ಏನು ತಿಳಿಯುತ್ತದೆ ಎಂದು ಕೇಳುವವರಿಗೆ ಒಂದು ಉದಾಹರಣೆ. 2015ರಲ್ಲಿ ಪ್ರಕಟವಾದ ಅಳಿವಿನಂಚಿನ ಪ್ರಾಣಿಗಳ ಮೇಲೆ ಕೆಲಸ ಮಾಡುವ ಹೈದರಾಬಾದಿನ ಲಾಕೋನ್ಸ್ ಪ್ರಯೋಗಾಲಯದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರ ಅಧ್ಯಯನವು ಪಶ್ಚಿಮಘಟ್ಟದ ಸಿಂಗಳೀಕಗಳು ಪಾಲಕ್ಕಾಡ್ ಕಣಿವೆಯ ಉತ್ತರಕ್ಕೂ ದಕ್ಷಿಣಕ್ಕೂ ತಳಿಯಲ್ಲಿ ಬೇರೆಯಾಗಿವೆ ಎಂದು ತೋರಿಸಿತು. ಕೊಡಗಿನವು ಉತ್ತರದ ಪಾಲಿನವು. ಮರಗಳ ನೆತ್ತಿಯಲ್ಲಿ ಬದುಕುವ ನೂರಾರು ಸಿಂಗಳೀಕಗಳಿಂದ ರಕ್ತ ತೆಗೆದು ಇದನ್ನು ಕಂಡುಹಿಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಮೂರನೇ ದಿನ: ಶ್ರೀಮಂಗಲ, ಇರ್ಪು

ಬ್ರಹ್ಮಗಿರಿಯ ತಪ್ಪಲಲ್ಲಿ ಮುಸುವಗಳ ದಿನ. ಬೂದು ಮುಸುವ ಮತ್ತು ನೀಲಗಿರಿಯ ಕರಿ ಮುಸುವ ಎರಡರ ನೆಲೆಯೂ ಒಂದಕ್ಕೊಂದು ತಾಗುವ ಜಾಗ ಇದು. ಕರಿ ಮುಸುವದ ಹರವಿಗೆ ಉತ್ತರದ ಗಡಿ. ನೀಲಗಿರಿ ಮುಸುವವನ್ನು ಹಿಂದೆ ಟ್ರಾಕಿಪಿಥೆಕಸ್ ಎಂಬ ಬೇರೆ ಕುಲದಲ್ಲಿಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ ಅದು ನಮ್ಮ ಬೂದು ಮುಸುವದ ಹತ್ತಿರದ ನೆಂಟ ಎಂದು ಗೊತ್ತಾಗಿ ಸೆಮ್ನೋಪಿಥೆಕಸ್‌ಗೆ ಬಂತು. ಹತ್ತಿರದ ನೆಂಟರೆಂದ ಮೇಲೆ ಬೆರಕೆಯ ಪ್ರಶ್ನೆ ಬಂದೇ ಬರುತ್ತದೆ. ಮೈಬಣ್ಣ ನೋಡಿ ಇದು ಬೆರಕೆ ಎಂದು ತೀರ್ಮಾನಿಸುವವರಿದ್ದಾರೆ. ಬೆಳಕಿನ ವಿರುದ್ಧ ಮರದ ಮೇಲೆ ಕೂತ ಯಾವ ಮುಸುವವಾದರೂ ಕರ‍್ರಗೇ ಕಾಣುತ್ತದೆ.

ಡಿಎನ್‌ಎಯಲ್ಲೂ ಎಡವುವ ಜಾಗವೊಂದಿದೆ. ಹಿಕ್ಕೆಯಿಂದ ಸುಲಭವಾಗಿ ಸಿಗುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ, ಒಂದು ಕೋಶದಲ್ಲಿ ಅದರ ನೂರಾರು ಪ್ರತಿಗಳಿರುತ್ತವೆ. ಆದರೆ ಅದು ತಾಯಿಯಿಂದ ಮಾತ್ರ ಬರುವಂಥದ್ದು. ಕರಿ ತಾಯಿಗೂ ಬೂದು ತಂದೆಗೂ ಹುಟ್ಟಿದ ಮರಿ ಮೈಟೊಕಾಂಡ್ರಿಯದ ಲೆಕ್ಕದಲ್ಲಿ ಅಪ್ಪಟ ಕರಿ. ಬೆರಕೆ ಹಿಡಿಯಬೇಕಾದರೆ ಕೋಶಕೇಂದ್ರದ ಮಾರ್ಕರ್‌ಗಳೇ ಬೇಕು. ಇನ್ನೊಂದು ತೊಡಕು, ಮೈಟೊಕಾಂಡ್ರಿಯದ ಡಿಎನ್‌ಎ ತುಣುಕುಗಳು ವಿಕಾಸದ ಹಾದಿಯಲ್ಲಿ ಕೋಶಕೇಂದ್ರದ ವರ್ಣತಂತುಗಳಿಗೆ ನಕಲಾಗಿ ಉಳಿದುಬಿಟ್ಟಿರುವುದು. ನಮ್ಟ್ ಎಂದು ಕರೆಯುವ ಈ ನಕಲು ಪಿಸಿಆರ್‌ನಲ್ಲಿ ಅಸಲಿನ ಜಾಗದಲ್ಲಿ ಬಂದು ಕೂರುತ್ತದೆ, ವಂಶವೃಕ್ಷವನ್ನೇ ತಿರುಚುತ್ತದೆ. ಸೈಟೊಕ್ರೋಮ್ ಬಿ ಎಂಬ ಮೈಟೊಕಾಂಡ್ರಿಯದ ಜೀನ್ ಓದುವಾಗ ನಡುವೆಯೇ ಸ್ಟಾಪ್ ಕೋಡಾನ್ (ಜೀನ್ ಮುಗಿಯಿತೆನ್ನುವ ಗುರುತು) ಕಂಡರೆ, ಓದಿನ ನಕ್ಷೆಯಲ್ಲಿ ಒಂದೇ ಸ್ಥಾನಕ್ಕೆ ಎರಡು ಶಿಖರ ಬಂದರೆ ಅನುಮಾನಪಡಿ. ಉದ್ದದ ತುಣುಕನ್ನು ವರ್ಧಿಸಿದರೆ ನಕಲನ್ನು ದೂರವಿಡುವುದು ಸುಲಭ. ಆದರೆ ಹಿಕ್ಕೆಯ ಡಿಎನ್‌ಎ ಚೂರುಚೂರಾಗಿರುವುದರಿಂದ ಉದ್ದದ ತುಣುಕೇ ಬರುವುದಿಲ್ಲ. ಒಂದರ ಮೇಲೊಂದು ಅತಿಕ್ರಮಿಸುವ ಚಿಕ್ಕ ತುಣುಕುಗಳನ್ನು ತೆಗೆದು, ಸೇರುವ ಕಡೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ಈಗಿರುವ ದಾರಿ.

ಎಲೆ ತಿನ್ನುವ ಮುಸುವದ ಹಿಕ್ಕೆಯಲ್ಲಿ ಟ್ಯಾನಿನ್, ಪಾಲಿಫೀನಾಲ್ ಜಾಸ್ತಿ. ಎಥೆನಾಲ್ ಕಡು ಹಸಿರಿಗೆ ತಿರುಗಿದ ಟ್ಯೂಬುಗಳ ಬಗ್ಗೆ ಈಗಲೇ ಗುರುತು ಹಾಕಿಕೊಳ್ಳಿ, ಪಿಸಿಆರ್‌ನಲ್ಲಿ ಹಟ ಮಾಡುವುವು ಅವೇ.

ಇರ್ಪು ಹೊಳೆಯ ಬದಿ ಜನವರಿಯಲ್ಲೂ ಇಂಬಳ ಸಿಗುತ್ತವೆ. ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡು ಅವನ್ನು ಬೈಯುತ್ತಾ ನಡೆಯುವವರಿಗೆ ಒಂದು ಮಾತು: 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೇಕೆಯ ರಕ್ತ ಕುಡಿಸಿದ ಜಿಗಣೆಗಳಲ್ಲಿ ನಾಲ್ಕು ತಿಂಗಳ ಮೇಲೂ ಮೇಕೆಯ ಡಿಎನ್‌ಎ ಸಿಕ್ಕಿತ್ತು. ಯಾವ ಪ್ರಾಣಿ ಈ ಕಾಡಿನಲ್ಲಿದೆ ಎಂದು ತಿಳಿಯಲು ಇಂಬಳ ಒಳ್ಳೆಯ ಸಾಕ್ಷಿ. ಯಾವ ಒಂದು ಮಂಗ ಎಂದು ಗುರುತಿಸಲು ಅದನ್ನು ನಂಬಬೇಡಿ. ನೆಲದ ಇಂಬಳಕ್ಕೆ ಮರದ ಮೇಲಿನ ಸಿಂಗಳೀಕ ಸಿಗುವುದೂ ಕಮ್ಮಿ.

ಉಣ್ಣೆ ಮಾತ್ರ ತಮಾಷೆಯಲ್ಲ. ಅದರಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಇದೇ, ಡಿಸೆಂಬರ್‌ನಿಂದ ಮೇವರೆಗೆ. ತುಂಬು ತೋಳು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕುವುದು, ಉಣ್ಣೆ ದೂರವಿಡುವ ಡೇಪಾ ಎಣ್ಣೆ, ಸಂಜೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಡಿಎನ್‌ಎ ಸಿಕ್ಕಿತೆಂದು ಹತ್ತಿರ ಹೋಗಬಾರದು. ದೂರದಿಂದ ಜಾಗ ಗುರುತು ಮಾಡಿಕೊಂಡು ಅರಣ್ಯ ಮತ್ತು ಆರೋಗ್ಯ ಇಲಾಖೆಗೆ ತಿಳಿಸುವುದಷ್ಟೇ ಕೆಲಸ.

ಸಂಜೆ ಹಿಂದಿನ ದಿನದ ಮಾದರಿಗಳನ್ನು ಸಿಲಿಕಾಕ್ಕೆ ಬದಲಿಸುವ ಹೊತ್ತು. ಎಥೆನಾಲ್‌ನಲ್ಲಿ 24ರಿಂದ 36 ಗಂಟೆ ಕಳೆದಿರಬೇಕು. ದ್ರವವನ್ನು ಬಗ್ಗಿಸಿ ಬೇರೆ ಡಬ್ಬಿಗೆ ಸುರಿದು, ಉಳಿದ ಗಟ್ಟಿಯನ್ನು ಫಿಲ್ಟರ್ ಕಾಗದದ ಮೇಲೆ ಕೂರಿಸಿ ಮುಚ್ಚಬೇಕು. ಮೊದಲೇ ನೇರವಾಗಿ ಸಿಲಿಕಾಕ್ಕೆ ಹಾಕಿದರೆ ಏನು? ಹೊರಗೆ ಒಣಗಿ ಚಿಪ್ಪುಗಟ್ಟುತ್ತದೆ, ಒಳಗೆ ಹಸಿಯೇ ಉಳಿದು ಡಿಎನ್‌ಎ ಕೊಳೆಯುತ್ತದೆ. ಈ ಎರಡು ಹಂತದ ಕ್ರಮವನ್ನು 2004ರಲ್ಲಿ ಆಫ್ರಿಕಾದ ಗೊರಿಲ್ಲಾ, ಚಿಂಪಾಂಜಿಗಳ ಹಿಕ್ಕೆಯ ಮೇಲೆ ಪರೀಕ್ಷಿಸಿ ತೋರಿಸಿದರು. ಫ್ರಿಜ್ ಬೇಡ, ಐಸ್ ಬೇಡ. ಕರೆಂಟು ಹೋಗಿಬರುವ ಊರಿಗೆ ಹೇಳಿಮಾಡಿಸಿದಂತಿದೆ. ಮರುದಿನ ಬೆಳಿಗ್ಗೆ ಮಣಿಗಳ ಬಣ್ಣ ತಿರುಗಿದ್ದರೆ ಸಿಲಿಕಾ ಬದಲಿಸಿ. ಲಾಡ್ಜಿನ ಕೋಣೆಯಲ್ಲಿ ಎಥೆನಾಲ್ ಸುರಿಯುವಾಗ ಸೊಳ್ಳೆ ಬತ್ತಿ ಹಚ್ಚಿರಬಾರದು, ಕಿಟಕಿ ತೆಗೆದಿರಬೇಕು.

ನಾಲ್ಕನೇ ದಿನ: ಅಮ್ಮತ್ತಿ, ಸಿದ್ದಾಪುರದ ತೋಟಗಳು

ಇಲ್ಲಿ ಬೆಳಕು ಪೂರ್ತಿ ಹರಿಯುವ ಮೊದಲು ತೋಟಕ್ಕೆ ಇಳಿಯುವಂತಿಲ್ಲ, ಆನೆ ಇರುತ್ತದೆ. ಲೈನ್‌ಮನೆಯವರು, ಅಂದರೆ ತೋಟದ ಸಾಲುಮನೆಗಳ ಕೆಲಸಗಾರರು, ಹೊರಟ ಮೇಲೆಯೇ ಹೊರಡಬೇಕು. “ನಿನ್ನೆ ಸಾಯಂಕಾಲ ಕೆರೆ ಬ್ಲಾಕಲ್ಲಿ ಇತ್ತು, ಈಗ ಅತ್ತಿಮರದ ಹತ್ರ ಇರ್ತದೆ ನೋಡಿ” ಎಂದು ರೈಟರು ಕೈತೋರಿಸಿದ ಕಡೆ ಕೋತಿಗಳ ಗುಂಪು ಇತ್ತು.

ಕೋತಿಗೂ ಸಿಂಗಳೀಕಕ್ಕೂ ಕೆನ್ನೆಚೀಲವಿದೆ, ಮುಸುವಕ್ಕಿಲ್ಲ. ಹಣ್ಣಾದ ಕಾಫಿಯನ್ನು ಬಾಯಿಗೆ ತುಂಬಿಕೊಂಡು, ಸಿಹಿ ಚೀಪಿ, ಬೀಜವನ್ನು ಉಗಿಯುತ್ತವೆ. ಗಿಡದ ಕೆಳಗೆ ಚದುರಿಬಿದ್ದ, ಹಲ್ಲಿನ ಗುರುತಿರುವ ಆ ಬೀಜದ ಮೇಲೆ ಎಂಜಲಿದೆ, ಎಂಜಲಿನಲ್ಲಿ ಬಾಯಿಯ ಒಳಗೋಡೆಯ ಕೋಶಗಳಿವೆ. ಡಿಎನ್‌ಎ ಕೆಡದಂತೆ ಕಾಯುವ ಬಫರ್ ದ್ರಾವಣದಲ್ಲಿ ನೆನೆಸಿದ ಸ್ವಾಬ್ ಅನ್ನು ಅಂಟಂಟಾಗಿರುವ ಬೀಜದ ಮೇಲೆ ಹದಿನೈದು ಇಪ್ಪತ್ತು ಸೆಕೆಂಡು ಉರುಳಿಸಿ, ತುದಿಯನ್ನು ಒಂದು ಮಿಲಿಲೀಟರ್ ಲಾಂಗ್‌ಮೈರ್ ಬಫರ್ ಇರುವ ಪುಟ್ಟ ಟ್ಯೂಬಿಗೆ ಮುರಿದು ಹಾಕಬೇಕು. ಬಫರ್‌ನಲ್ಲಿ ಟ್ರಿಸ್ 100 ಮಿಲಿಮೋಲಾರ್, ಇಡಿಟಿಎ 100, ಉಪ್ಪು 10, ಎಸ್‌ಡಿಎಸ್ ಶೇ 0.5, ಪಿಎಚ್ 8. ಒಣಗಿದ ಬೀಜ ಬೇಡ, ಇರುವೆ ಮುತ್ತಿದ್ದು ಬೇಡ. ಬಾವಲಿಯೂ ಕಾಫಿ ಚೀಪಿ ಉಗಿಯುತ್ತದೆ, ಆದ್ದರಿಂದ ಕಣ್ಣೆದುರು ಕೋತಿ ಉಗಿದದ್ದನ್ನೇ ಎತ್ತಿದರೆ ಕ್ಷೇಮ. ಗಟ್ಟಿಯಾಗಿ ಅಂಟಿಕೊಂಡ ಬೀಜದ ರಾಶಿ ಕಂಡರೆ ಅದು ಪುನುಗು ಬೆಕ್ಕಿನ ಹಿಕ್ಕೆ.

ಎಂಜಲಿಗೆ ಸಿಹಿ ಹಚ್ಚಿದ ಹಗ್ಗ ಕಟ್ಟುವ ಉಪಾಯ ಬೇರೆ ದೇಶಗಳಲ್ಲಿ ಚೆನ್ನಾಗಿ ನಡೆದಿದೆ. ಕೊಡಗಿನ ತೋಟದ ಅಂಚಿನಲ್ಲಿ ಅದು ಕೆಟ್ಟ ಯೋಚನೆ. ಕೋತಿಗೆ ಮನುಷ್ಯನ ಕೈಯ ಸಿಹಿ ರುಚಿ ಹತ್ತಿಸಿ ನಾವು ಬೆಂಗಳೂರಿಗೆ ಹೊರಟುಬಿಟ್ಟರೆ, ಹಂಚು ತೆಗೆದು ಅಡುಗೆಮನೆಗೆ ಇಳಿಯುವ ಕೋತಿಯನ್ನು ಓಡಿಸಬೇಕಾದವರು ಲೈನ್‌ಮನೆಯವರು.

ಮೂತ್ರವನ್ನು ಎಲೆಯ ಮೇಲಿಂದ ಪಿಪೆಟ್‌ನಲ್ಲಿ ಎಳೆಯಬಹುದು, ಕೋಶ ಬಹಳ ಕಡಿಮೆ. ಬೇಲಿಯ ಮುಳ್ಳುತಂತಿಗೆ ಸಿಕ್ಕಿದ ಕೂದಲಿನಲ್ಲಿ ಬೇರು ಇದ್ದರೆ ಮಾತ್ರ ಆಸೆ ಇಟ್ಟುಕೊಳ್ಳಿ. ತಾನಾಗಿ ಉದುರಿದ ಕೂದಲಿನ ಬೇರಿನಲ್ಲಿ ಕೋಶಕೇಂದ್ರದ ಡಿಎನ್‌ಎ ಇಲ್ಲವೆನ್ನುವಷ್ಟು ಕಡಿಮೆ, ಮೈಟೊಕಾಂಡ್ರಿಯದ್ದು ಸಿಗುತ್ತದೆ. ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್‌ನಲ್ಲಿ ಬೆವತು ಬೂಷ್ಟು ಹಿಡಿಯುತ್ತದೆ. ಚಿಂಪಾಂಜಿ, ಗೊರಿಲ್ಲಾ ಅಧ್ಯಯನಗಳಲ್ಲಿ ರಾತ್ರಿ ಮಲಗಿದ ಗೂಡಿನಿಂದ ಕೂದಲು ಆಯುತ್ತಾರೆ. ನಮ್ಮ ಮಂಗಗಳು ಗೂಡು ಕಟ್ಟುವುದಿಲ್ಲವಾದ್ದರಿಂದ ಆ ಮಾತೇ ಇಲ್ಲ.

ಐದನೇ ದಿನ ಮತ್ತು ಅನಂತರ: ಬೆಂಗಳೂರು

ಎಥೆನಾಲ್ ಉಳಿದಿದ್ದರೆ ಸ್ವಂತ ವಾಹನದಲ್ಲೇ ತರಬೇಕು, ಬಸ್ಸಿನ ಲಗೇಜಿಗೆ ಹಾಕುವ ವಸ್ತು ಅದಲ್ಲ. ಸಿಲಿಕಾ ಟ್ಯೂಬುಗಳಿಗೆ ಆ ತಾಪತ್ರಯವಿಲ್ಲ.

ಪ್ರಯೋಗಾಲಯದಲ್ಲಿ ಹಿಕ್ಕೆಯಿಂದ ಡಿಎನ್‌ಎ ತೆಗೆಯುವ ಕೋಣೆ ಬೇರೆ, ಪಿಸಿಆರ್ ಮುಗಿದದ್ದನ್ನು ತೆರೆಯುವ ಕೋಣೆ ಬೇರೆ. ಬೆಳಿಗ್ಗೆ ಎರಡನೇ ಕೋಣೆಗೆ ಹೋದವರು ಅವತ್ತು ಮೊದಲನೆಯದಕ್ಕೆ ಕಾಲಿಡಬಾರದು. ಪ್ರತಿ ಸರದಿಯಲ್ಲಿ ಹಿಕ್ಕೆಯಿಲ್ಲದ ಒಂದು ಖಾಲಿ ಟ್ಯೂಬೂ ಎಲ್ಲ ಹಂತ ದಾಟಬೇಕು. ಅದರಲ್ಲಿ ಡಿಎನ್‌ಎ ಕಂಡರೆ ಆ ಸರದಿ ಪೂರ್ತಿ ರದ್ದು.

ಮಾಸ್ಕ್‌ನ ಕಾರಣ ಇಲ್ಲಿ ಬರುತ್ತದೆ. ಮಂಗಗಳಲ್ಲಿ ಬಳಸುವ ಮೈಕ್ರೊಸ್ಯಾಟಲೈಟ್ (ಚಿಕ್ಕ ಡಿಎನ್‌ಎ ತುಣುಕು ಮತ್ತೆ ಮತ್ತೆ ಬರುವ ಜಾಗ) ಮಾರ್ಕರ್‌ಗಳಲ್ಲಿ ಹೆಚ್ಚಿನವು ಮೊದಲು ಮನುಷ್ಯರಿಗಾಗಿ ತಯಾರಾದವು. ಹುಲಿಯ ಹಿಕ್ಕೆಯ ಮೇಲೆ ಕೆಮ್ಮಿದರೆ ಅಷ್ಟೇನೂ ನಷ್ಟವಿಲ್ಲ, ಮಂಗನದರ ಮೇಲೆ ಕೆಮ್ಮಿದರೆ ಕೆಮ್ಮಿದವರ ಡಿಎನ್‌ಎಯೇ ಮೊದಲು ವರ್ಧಿಸುತ್ತದೆ. ಹಾಗಾಗಿ ಕಾಡಿಗೆ ಹೋದವರೂ ಪ್ರಯೋಗಾಲಯದವರೂ ಒಪ್ಪಿಗೆ ಕೊಟ್ಟು ತಮ್ಮ ಮಾದರಿಯನ್ನೂ ಅದೇ ಮಾರ್ಕರ್‌ಗಳಲ್ಲಿ ಓಡಿಸಿಟ್ಟಿರಬೇಕು, ಹೋಲಿಸಿ ತೆಗೆದುಹಾಕಲು.

ಪಿಸಿಆರ್ ಸೋತರೆ ಮೊದಲು ಡಿಎನ್‌ಎಯನ್ನು ಐದು ಪಟ್ಟು, ಹತ್ತು ಪಟ್ಟು ತೆಳುಮಾಡಿ ನೋಡಿ. ತೆಳು ಮಾಡಿದಾಗ ಬಂದರೆ ಅಡ್ಡಿ ಮಾಡುತ್ತಿದ್ದದ್ದು ಟ್ಯಾನಿನ್‌ನಂಥ ವಸ್ತು. ಬಿಎಸ್‌ಎ ಪ್ರೋಟೀನ್ ಸೇರಿಸಿದರೆ ಇನ್ನಷ್ಟು ಸುಧಾರಿಸುತ್ತದೆ. ಆಗಲೂ ಬಾರದಿದ್ದರೆ ಡಿಎನ್‌ಎಯೇ ಇಲ್ಲ ಎಂದು ತಿಳಿಯಿರಿ. ಸುಮ್ಮನೆ ಸುತ್ತುಗಳನ್ನು 50ಕ್ಕೆ ಏರಿಸಿ ಬ್ಯಾಂಡ್ ಬರಿಸುವುದರಿಂದ ಬರುವುದು ಹೆಚ್ಚಾಗಿ ಕಸ. ಶುರುವಿನಲ್ಲೇ ಮಂಗನ ಡಿಎನ್‌ಎ ಎಷ್ಟಿದೆ ಎಂದು ಕ್ಯೂಪಿಸಿಆರ್‌ನಲ್ಲಿ ಅಳೆದರೆ ಮುಂದಿನ ಖರ್ಚು ಉಳಿಯುತ್ತದೆ. ಒಂದು ಪಿಸಿಆರ್‌ಗೆ 200 ಪಿಕೊಗ್ರಾಂಗಿಂತ ಹೆಚ್ಚಿದ್ದರೆ ನೆಮ್ಮದಿ, 25ಕ್ಕಿಂತ ಕಡಿಮೆಯಾದರೆ ಆ ಮಾದರಿಯನ್ನು ಬಿಡುವುದೇ ಒಳ್ಳೆಯದು.

ಯಾಕೆಂದರೆ ಡಿಎನ್‌ಎ ಕಡಿಮೆಯಿದ್ದಾಗ ತಂದೆಯ ಪ್ರತಿ, ತಾಯಿಯ ಪ್ರತಿ ಎರಡರಲ್ಲಿ ಒಂದೇ ವರ್ಧಿಸಿ ಇನ್ನೊಂದು ಬಿಟ್ಟುಹೋಗುತ್ತದೆ. ತೀರ ಕೆಟ್ಟ ಸ್ಥಿತಿಯಲ್ಲಿ, ಪ್ರತಿ ಟ್ಯೂಬಿನಲ್ಲೂ ಒಂದೇ ಅಣು ಇದ್ದರೆ, ಅದು ನಾಣ್ಯ ಚಿಮ್ಮಿದ ಹಾಗೆ. ಏಳು ಬಾರಿ ಚಿಮ್ಮಿ ಏಳೂ ಬಾರಿ ಒಂದೇ ಮುಖ ಬೀಳುವ ಸಾಧ್ಯತೆ 64ರಲ್ಲಿ 1. ಎರಡು ಬೇರೆ ಪ್ರತಿ ಇರುವಂತೆ ಕಂಡರೆ ಅವೆರಡೂ ಎರಡೆರಡು ಬಾರಿ ಕಾಣಬೇಕು, ಒಂದೇ ಬಗೆ ಎಂದು ಬರೆಯಬೇಕಾದರೆ ಏಳು ಬಾರಿ ಓಡಿಸಬೇಕು ಎಂದು 1996ರಲ್ಲಿ ಹುಟ್ಟಿದ ಬಹು-ಟ್ಯೂಬ್ ಪದ್ಧತಿ ಹೇಳುವುದು ಇದಕ್ಕೇ. ಡಿಎನ್‌ಎ ಚೆನ್ನಾಗಿದ್ದರೆ ಎರಡು ಮೂರು ಬಾರಿ ಸಾಕಾಗುತ್ತದೆ. ಕಾಡಿನಲ್ಲಿ ಐದು ಗ್ರಾಂಗೆ ನಿಲ್ಲಿಸಿದ್ದು, ನೆರಳಿನಲ್ಲಿ ಬಿದ್ದದ್ದನ್ನು ಆರಿಸಿದ್ದು ಎಲ್ಲ ಇಲ್ಲಿ ಹಣವಾಗಿ ಉಳಿಯುತ್ತದೆ.

ಗಂಡು ಹೆಣ್ಣು ತಿಳಿಯಲು ವೈ ವರ್ಣತಂತುವಿನ ಎಸ್‌ಆರ್‌ವೈ ತುಣುಕನ್ನು ಮಾತ್ರ ನೋಡಿದರೆ ಸೋತ ಪಿಸಿಆರ್ ಎಲ್ಲ ಹೆಣ್ಣಾಗಿಬಿಡುತ್ತದೆ. ಎಕ್ಸ್ ವರ್ಣತಂತುವಿನ ತುಣುಕೊಂದು ಅದೇ ಟ್ಯೂಬಿನಲ್ಲಿ ಜೊತೆಗೆ ಬರಬೇಕು. ಅದು ಬಂದು ವೈ ಬಾರದಿದ್ದರೆ ಮಾತ್ರ ಹೆಣ್ಣು. ಅದನ್ನೂ ಒಂದಕ್ಕಿಂತ ಹೆಚ್ಚು ಬಾರಿ ಓಡಿಸಿಯೇ ಬರೆಯಬೇಕು.

ಇನ್ನು ಎಣಿಕೆ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುವುದರಿಂದ ಗುಂಪೆಂದರೆ ಅಕ್ಕತಂಗಿಯರು, ಅಮ್ಮಂದಿರು, ಚಿಕ್ಕಮ್ಮಂದಿರು. ಅಪರಿಚಿತರನ್ನು ಬೇರ್ಪಡಿಸಲು ಸಾಕಾಗುವ ಮಾರ್ಕರ್‌ಗಳು ಒಡಹುಟ್ಟಿದವರನ್ನು ಬೇರ್ಪಡಿಸಲು ಸಾಲವು. ಇಬ್ಬರು ಒಡಹುಟ್ಟಿದವರು ಎಲ್ಲ ಮಾರ್ಕರ್‌ಗಳಲ್ಲೂ ಒಂದೇ ಥರ ಇರುವ ಸಾಧ್ಯತೆ 100ರಲ್ಲಿ 1ಕ್ಕಿಂತ, ಸಾಧ್ಯವಾದರೆ 1,000ದಲ್ಲಿ 1ಕ್ಕಿಂತ, ಕಡಿಮೆಯಾಗುವವರೆಗೆ ಮಾರ್ಕರ್ ಸೇರಿಸುತ್ತಾ ಹೋಗಬೇಕು. ತಪ್ಪು ಇನ್ನೊಂದು ಕಡೆಗೂ ಆಗುತ್ತದೆ: ಒಂದು ಪ್ರತಿ ಬಿಟ್ಟುಹೋದ ಮಾದರಿ ಹೊಸ ಪ್ರಾಣಿಯಂತೆ ಕಂಡು, ಕಾಡಿನಲ್ಲಿ ಇಲ್ಲದ ಮಂಗವೊಂದು ಪಟ್ಟಿಗೆ ಸೇರುತ್ತದೆ. ಒಂದೇ ಒಂದು ಮಾರ್ಕರ್‌ನಲ್ಲಿ ಬೇರೆಯಾಗಿರುವ ಜೋಡಿಗಳನ್ನೆಲ್ಲ ಪಟ್ಟಿ ಮಾಡಿ, ಸಿಲಿಕಾದಲ್ಲಿ ಎತ್ತಿಟ್ಟ ಉಳಿದರ್ಧ ಹಿಕ್ಕೆಯಿಂದ ಹೊಸದಾಗಿ ಡಿಎನ್‌ಎ ತೆಗೆದು ಮತ್ತೆ ಓಡಿಸಿದ ಮೇಲೆಯೇ ಅವು ಎರಡು ಪ್ರಾಣಿಯೋ ಒಂದೋ ಎಂದು ಇಲಾಖೆಗೆ ಕೊಡುವ ವರದಿಯಲ್ಲಿ ಬರೆಯಬೇಕು.